ಅಪ್ಪನ ಕ್ಯಾಲ್ಕುಲೇಟರ್ ಮತ್ತು 12345654321

ಅಪ್ಪನ ಕ್ಯಾಲ್ಕುಲೇಟರಿನಲ್ಲಿ 12 ಅಂಕಿ ಹಿಡಿಸುತ್ತಿತ್ತು. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಅವರು ಲೆಕ್ಕ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಒಂದು ಕಡೆ ರಾಶಿ, ಇನ್ನೊಂದು ಕಡೆ ಬೆಟ್ಟೆ, ಗೊರಬಲು, ಎಲ್ಲ ಅಡಿಕೆಯ ಬಗೆಗಳು. ಚೀಲಗಳ ಮಧ್ಯೆ ಅಪ್ಪನ ಮೇಜು. ಅವರು ರೋಕಡಿ ಬರೆದು ಮುಗಿಸುವವರೆಗೆ ಕ್ಯಾಲ್ಕುಲೇಟರ್ ನನ್ನ ಕೈಗೆ ಸಿಗುತ್ತಿರಲಿಲ್ಲ. ಮುಗಿದ ಮೇಲೆ ಸಿಗುತ್ತಿತ್ತು. ಆಗ ನಾನು ಮಾಡುತ್ತಿದ್ದ ಕೆಲಸ ಒಂದೇ. ಒಂದನ್ನು ಒತ್ತುವುದು.

11 ಗುಣಿಸು 11, ಉತ್ತರ 121. 111 ಗುಣಿಸು 111, ಉತ್ತರ 12321. 1111 ಗುಣಿಸು 1111, ಉತ್ತರ 1234321. ಮನೆಯಲ್ಲಿದ್ದ ಚಿಕ್ಕ ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿ. ಅದು ಇಲ್ಲಿಗೇ ನಿಂತುಬಿಡುತ್ತಿತ್ತು. ಅಪ್ಪನದರಲ್ಲಿ ಇನ್ನೂ ಎರಡು ಮೆಟ್ಟಿಲು ಹತ್ತಬಹುದಿತ್ತು. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದಾಗ ಪರದೆಯ ಮೇಲೆ ಬಂದದ್ದು ಇದು: 12345654321. ಏಳು ಒಂದು ಒತ್ತಿದರೆ ಉತ್ತರಕ್ಕೆ 13 ಅಂಕಿ ಬೇಕು. ಜಾಗ ಸಾಲದೆ ಪರದೆಯ ಮೂಲೆಯಲ್ಲಿ ಒಂದು 'ಇ' ಕಾಣಿಸಿಕೊಳ್ಳುತ್ತಿತ್ತು. ಹಾಗಾಗಿ ನನ್ನ ಬಾಲ್ಯದ ಅತಿ ದೊಡ್ಡ ಸಂಖ್ಯೆ ಅದೇ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಈಗ ಆ ಮೇಜಿನ ಹಿಂದೆ ನಾನು ಕೂರುತ್ತೇನೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ. ಕ್ಯಾಲ್ಕುಲೇಟರ್ ಮಾತ್ರ ಅದೇ. ಆ ಸಂಖ್ಯೆಯೂ ನನ್ನನ್ನು ಬಿಟ್ಟಿಲ್ಲ. ಕಳೆದ ಎರಡು ಮೂರು ವರ್ಷಗಳಲ್ಲಿ ಅದರ ಒಳಗೆ ನಾನು ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅದರ ಮುಖ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕಿಟಕಿ, ವಿಕಟಕವಿ ಅಂತ ಪದಗಳಿವೆಯಲ್ಲ, ಆ ಜಾತಿ. ಹೀಗೇಕೆ ಬರುತ್ತದೆ ಅನ್ನುವುದು ಕಾಗದದ ಮೇಲೆ ಗುಣಿಸಿದರೆ ತಕ್ಷಣ ಕಾಣುತ್ತದೆ. 111111 ಅನ್ನು ಆರು ಸಾಲು ಬರೆಯಬೇಕು, ಪ್ರತಿ ಸಾಲನ್ನು ಒಂದೊಂದು ಮನೆ ಎಡಕ್ಕೆ ಸರಿಸಿ. ಇರುವುದೆಲ್ಲ ಒಂದೇ ಆದ್ದರಿಂದ ಕೂಡುವುದು ಅಂದರೆ ಕಂಬದಲ್ಲಿ ಎಷ್ಟು ಒಂದುಗಳಿವೆ ಅಂತ ಎಣಿಸುವುದು ಅಷ್ಟೇ. ಬಲ ತುದಿಯ ಕಂಬದಲ್ಲಿ ಒಂದು, ಅದರ ಪಕ್ಕ ಎರಡು, ನಡುವಿನಲ್ಲಿ ಆರು, ಆಮೇಲೆ ಇಳಿಕೆ. ಎಲ್ಲೂ ದಶಕ ಕೈಗೆ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ. ಹತ್ತು ಒಂದುಗಳಾದರೆ ನಡುವಿನ ಕಂಬದಲ್ಲಿ ಹತ್ತು ಬಂದು ದಶಕ ಪಕ್ಕಕ್ಕೆ ಹೋಗುತ್ತದೆ. ಸಾಲು ಕೆಡುತ್ತದೆ. ಉತ್ತರ 1234567900987654321. ಎಂಟು ಕಾಣೆಯಾಗಿ ನಡುವೆ ಎರಡು ಸೊನ್ನೆ ಬಂದಿದೆ, ನೋಡಿ.

ಇಷ್ಟು ನನಗೆ ಹೈಸ್ಕೂಲಿನಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಈ ಸಂಖ್ಯೆಯನ್ನು ನನಗಿಂತ ಸಾವಿರದ ನೂರೈವತ್ತು ವರ್ಷ ಮೊದಲೇ ಒಬ್ಬರು ನೋಡಿ ಖುಷಿಪಟ್ಟಿದ್ದರು. ಅದೂ ನಮ್ಮ ನಾಡಿನಲ್ಲಿ.

ಮಹಾವೀರಾಚಾರ್ಯರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, ಸುಮಾರು ಕ್ರಿ.ಶ. 850. 'ಗಣಿತಸಾರಸಂಗ್ರಹ' ಅಂತ ಸಂಸ್ಕೃತದಲ್ಲಿ ಒಂದು ಇಡೀ ಗಣಿತದ ಪುಸ್ತಕ ಬರೆದರು. ಪುಸ್ತಕದ ಆರಂಭದಲ್ಲೇ ಅಮೋಘವರ್ಷನನ್ನು ಹೊಗಳುತ್ತಾರೆ. ನೃಪತುಂಗ ಅಂದರೆ ನಮಗೆಲ್ಲ ಕವಿರಾಜಮಾರ್ಗ ನೆನಪಾಗುತ್ತದೆ, ಕಾವೇರಿಯಿಂದ ಗೋದಾವರಿವರೆಗಿನ ನಾಡು ನೆನಪಾಗುತ್ತದೆ. ಅದೇ ಕಾಲದ ಈ ಗಣಿತಜ್ಞರನ್ನು ನಮ್ಮ ಶಾಲೆಯಲ್ಲಿ ಯಾರೂ ಹೆಸರಿಸಲಿಲ್ಲ. ನನಗೆ ಇದು ಇವತ್ತಿಗೂ ಬೇಸರದ ವಿಷಯ.

ಗುಣಾಕಾರ ಕಲಿಸುವಾಗ ಅವರು ಸುಮ್ನೆ ಯಾವುದೋ ಸಂಖ್ಯೆ ಕೊಡುವುದಿಲ್ಲ. ಉತ್ತರ ಚೆಂದ ಬರುವ ಹಾಗೆ ಆರಿಸಿ ಕೊಡುತ್ತಾರೆ. 139 ಅನ್ನು 109ರಿಂದ ಗುಣಿಸಿದರೆ 15151. 152207 ಅನ್ನು 73ರಿಂದ ಗುಣಿಸಿದರೆ 11111111. 142857143 ಅನ್ನು 7ರಿಂದ ಗುಣಿಸಿದರೆ 1000000001. ಇಂಥ ಕೆಲವು ಉತ್ತರಗಳನ್ನು ಕೊರಳಿನ ಹಾರಕ್ಕೆ ಹೋಲಿಸುತ್ತಾರೆ. ಬಾಯಿಪಾಠ ಮಾಡುವ ಮಕ್ಕಳಿಗೆ ತಮ್ಮ ಲೆಕ್ಕ ಸರಿ ಬಂತೋ ಇಲ್ಲವೋ ಅಂತ ಉತ್ತರದ ರೂಪವೇ ಹೇಳಿಬಿಡುತ್ತದೆ. ಎಷ್ಟು ಪ್ರೀತಿಯಿಂದ ಯೋಚಿಸಿದ್ದಾರೆ ಅನ್ನಿಸುತ್ತದೆ.

ಆ ಹಾರಗಳ ಸಾಲಿನಲ್ಲೇ ಇದೆ ನನ್ನ ಸಂಖ್ಯೆ. 27994681 ಅನ್ನು 441ರಿಂದ ಗುಣಿಸಿ ಅನ್ನುತ್ತಾರೆ. ಉತ್ತರ 12345654321. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅದನ್ನು ಬಣ್ಣಿಸುತ್ತಾರೆ. ಇದನ್ನು ಮೊದಲ ಸಲ ಓದಿದ ದಿನ ನಾನು ಅಪ್ಪನ ಕ್ಯಾಲ್ಕುಲೇಟರ್ ತೆಗೆದು ಗುಣಿಸಿದೆ. ಬಂತು. ಕಣ್ಣಲ್ಲಿ ನೀರು ಬಂತು ಅಂದರೆ ನಂಬಬೇಕು. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು.

ಆಮೇಲೆ ಒಮ್ಮೆ ಕಲಬುರಗಿಯಲ್ಲಿ ನೆಂಟರ ಮದುವೆ ಇತ್ತು. ಮದುವೆ ಮುಗಿಸಿ ಮರುದಿನ ಸೇಡಂ ಬಸ್ಸು ಹತ್ತಿ ಮಳಖೇಡಕ್ಕೆ ಹೋದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ದಾರಿಯುದ್ದಕ್ಕೂ ತೊಗರಿ ಹೊಲ. ಕಾಗಿಣಾ ಹೊಳೆಯ ದಡದಲ್ಲಿ ಕೋಟೆಯ ಉಳಿದ ಗೋಡೆಗಳು. ಊರೊಳಗೆ ನೇಮಿನಾಥ ಬಸದಿ. ಮಹಾವೀರಾಚಾರ್ಯರು ಇದೇ ಊರಿನಲ್ಲಿ ಕೂತು ಬರೆದರು ಅನ್ನುವುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಆದರೂ ಬಸದಿಯ ಹೊರಗೆ ಸ್ವಲ್ಪ ಹೊತ್ತು ಕೂತು ಚೀಟಿಯ ಮೇಲೆ 27994681 ಬರೆದು ಕೈಯಿಂದಲೇ 441ರಿಂದ ಗುಣಿಸಿದೆ. ಆ ಜಾಗದಲ್ಲಿ ಆ ಲೆಕ್ಕ ಒಮ್ಮೆ ಮಾಡಬೇಕು ಅನ್ನಿಸಿತ್ತು.

ಅಲ್ಲಿ ಗುಣಿಸುವಾಗಲೇ ಒಂದು ವಿಷಯ ಹೊಳೆಯಿತು. 441 ಅಂದರೆ 21ರ ವರ್ಗ. ಹಾಗಿದ್ದರೆ 27994681 ಕೂಡ ಯಾವುದೋ ಒಂದರ ವರ್ಗ ಆಗಲೇಬೇಕು. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. 5291ರ ವರ್ಗ ಅದು. 21 ಗುಣಿಸು 5291, ಉತ್ತರ 111111. ಆಚಾರ್ಯರು ಆರು ಒಂದುಗಳನ್ನು ಎರಡು ತುಂಡು ಮಾಡಿ, ಎರಡನ್ನೂ ವರ್ಗ ಮಾಡಿ, ಪ್ರಶ್ನೆಯೊಳಗೆ ಬಚ್ಚಿಟ್ಟಿದ್ದರು!

ಅಲ್ಲಿಂದ ಮುಖ ಬಿಟ್ಟು ಒಳಗೆ ಇಣುಕಲು ಶುರು ಮಾಡಿದೆ.

ಮುಖ ನೋಡಿಯೇ ಎರಡು ಸಂಗತಿ ಹೇಳಬಹುದು. ಅಂಕಿಗಳನ್ನೆಲ್ಲ ಕೂಡಿದರೆ 36 ಬರುತ್ತದೆ, ಆದ್ದರಿಂದ 9ರಿಂದ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಕೂಡಿದರೆ ಎರಡೂ ಕಡೆ 18, ಆದ್ದರಿಂದ 11ರಿಂದ ಭಾಗವಾಗುತ್ತದೆ. ಪೂರ್ತಿ ಬಿಡಿಸಲು ಇದಕ್ಕಿಂತ ಸುಲಭದ ದಾರಿ ಇದೆ. 111111 ಅಂದರೆ 111 ಗುಣಿಸು 1001. ಇದರಲ್ಲಿ 111 ಅಂದರೆ 3 ಗುಣಿಸು 37. 1001 ಅಂದರೆ 7 ಗುಣಿಸು 11 ಗುಣಿಸು 13. ಒಟ್ಟು ಐದು ಅವಿಭಾಜ್ಯ ಸಂಖ್ಯೆಗಳು: 3, 7, 11, 13, 37. ನಮ್ಮ ದೊಡ್ಡ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಇವೆ. ಬೇರೆ ಯಾವುದೂ ಇಲ್ಲ.

ಅದರ ಭಾಜಕಗಳು ಎಷ್ಟು? ಭಾಜಕ ಅಂದರೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆ. ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳದೆ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ, ಐದು ಸಲ. 3 ಗುಣಿಸು 3 ಗುಣಿಸು 3 ಗುಣಿಸು 3 ಗುಣಿಸು 3, ಅಂದರೆ 243. ಅಷ್ಟನ್ನೂ ಒಂದು ಹಳೆ ಡೈರಿಯಲ್ಲಿ ಬರೆದೆ. ಅಡಿಕೆ ಸೀಸನ್ ಇರಲಿಲ್ಲ, ಮಂಡಿಯಲ್ಲಿ ಮಧ್ಯಾಹ್ನ ಬಿಡುವಿತ್ತು, ನಾಲ್ಕು ದಿನ ಹಿಡಿಯಿತು. ಭಾಜಕಗಳು ಜೋಡಿ ಜೋಡಿಯಾಗಿ ಬರುತ್ತವೆ. 1ರ ಜೊತೆ ಸಂಖ್ಯೆಯೇ, 3ರ ಜೊತೆ ಅದರ ಮೂರನೇ ಒಂದು ಪಾಲು, ಹೀಗೆ 121 ಜೋಡಿ. 111111 ಮಾತ್ರ ನಡುವೆ ಒಂಟಿ, ಅದರ ಜೋಡಿ ಅದೇ.

ಆ ಪಟ್ಟಿ ಬರೆಯುವಾಗ ಕೈ ಎಷ್ಟೋ ಸಲ ನಿಂತಿತು. 11ರಿಂದ ಭಾಗಿಸಿದರೆ 1122332211. 121ರಿಂದ ಭಾಗಿಸಿದರೆ 102030201. 37ರಿಂದ ಭಾಗಿಸಿದರೆ 333666333. 111ರಿಂದ ಭಾಗಿಸಿದರೆ 111222111. 1001ರಿಂದ ಭಾಗಿಸಿದರೆ 12333321. ಒಂದು ಹಾರ ಬಿಚ್ಚಿದರೆ ಒಳಗೆ ಇನ್ನೊಂದು ಹಾರ. ಇವುಗಳಲ್ಲಿ ನನಗೆ 102030201 ಎಲ್ಲಕ್ಕಿಂತ ಇಷ್ಟ. ಮಣಿಗಳ ನಡುವೆ ಸೊನ್ನೆಯ ಗಂಟು ಹಾಕಿ ಕಟ್ಟಿದ ಹಾಗಿದೆ.

ಆದರೆ ಈ ಚೆಂದ ಎಲ್ಲಿಂದ ಬಂತು? ನಮಗೆ ಹತ್ತು ಬೆರಳಿವೆ, ಹತ್ತರ ಗುಂಪಿನಲ್ಲಿ ಎಣಿಸುತ್ತೇವೆ, ಅದರಿಂದ ಬಂತು. ಏಳರ ಗುಂಪಿನಲ್ಲಿ ಎಣಿಸುವ ಜನ ಇದ್ದರು ಅಂದುಕೊಳ್ಳಿ. ಅವರು 12345654321 ಅಂತ ಬರೆದರೆ ನಮ್ಮ ಲೆಕ್ಕದಲ್ಲಿ ಅದು ಬರೀ 38 ಕೋಟಿ 44 ಲಕ್ಷ 73 ಸಾವಿರದ 664. ಹಾರ ಅದೇ, ಸಂಖ್ಯೆ ಬೇರೆ. ಅದೂ ಪೂರ್ಣವರ್ಗವೇ, 19608ರ ವರ್ಗ. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಗುಂಪಿನಲ್ಲಿ ಎಣಿಸಿದರೂ ಈ ಹಾರ ಪೂರ್ಣವರ್ಗವೇ ಆಗುತ್ತದೆ. ಕಂಬದಲ್ಲಿ ಒಂದುಗಳನ್ನು ಎಣಿಸಿದ್ದೇ ಇದಕ್ಕೆ ಕಾರಣ. ಆದರೆ ನಮ್ಮ 1234 ಕೋಟಿಯ ಸಂಖ್ಯೆಯನ್ನು ಅವರ ಲಿಪಿಯಲ್ಲಿ ಬರೆದರೆ ಏರಿಳಿತ ಇರುವುದಿಲ್ಲ. ಅದರ 243 ಭಾಜಕಗಳು ಮಾತ್ರ ಎಲ್ಲೂ ಹೋಗುವುದಿಲ್ಲ. ಅಷ್ಟೊಂದು ಅಡಿಕೆಯನ್ನು ರಾಶಿ ಹಾಕಿದರೆ, ಸಮ ಪಾಲು ಮಾಡುವ ದಾರಿಗಳು ಯಾವ ಭಾಷೆಯಲ್ಲಿ ಎಣಿಸಿದರೂ 243. ಮುಖ ನಾವು ಕೊಟ್ಟದ್ದು, ಸ್ವಭಾವ ಅದರದ್ದೇ. ಇದು ತಿಳಿದ ಮೇಲೆ ನನಗೆ ಅದರ ಸ್ವಭಾವದ ಮೇಲೆ ಆಸೆ ಜಾಸ್ತಿಯಾಯಿತು.

ಸಂಖ್ಯೆಗಳನ್ನು ಸ್ವಭಾವದಿಂದ ವಿಂಗಡಿಸುವ ಒಂದು ಹಳೆಯ ದಾರಿ ಇದೆ. ಗ್ರೀಕರ ಕಾಲದ್ದು. ಒಂದು ಸಂಖ್ಯೆಯ ಭಾಜಕಗಳನ್ನೆಲ್ಲ ಕೂಡಬೇಕು, ಆ ಸಂಖ್ಯೆಯನ್ನು ಬಿಟ್ಟು. 6ಕ್ಕೆ 1, 2, 3. ಕೂಡಿದರೆ 6. ಸರಿಸಮ. ಇದು ಪರಿಪೂರ್ಣ ಸಂಖ್ಯೆ. 10ಕ್ಕೆ 1, 2, 5. ಕೂಡಿದರೆ 8, ಬಾಕಿ ಉಳಿಯಿತು. 12ಕ್ಕೆ 1, 2, 3, 4, 6. ಕೂಡಿದರೆ 16, ಜಮೆ ಜಾಸ್ತಿ. ಮಂಡಿ ಲೆಕ್ಕದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಜಮೆ ಜಾಸ್ತಿ ಬರುವ ಸಂಖ್ಯೆಗಳನ್ನು ಅಧಿಕ ಸಂಖ್ಯೆ ಅನ್ನೋಣ.

ಅಧಿಕ ಸಂಖ್ಯೆಗಳಲ್ಲಿ ಸಮಸಂಖ್ಯೆಗಳೇ ಎಲ್ಲೆಲ್ಲೂ ಕಾಣುತ್ತವೆ. ಬೆಸಸಂಖ್ಯೆ ಅಧಿಕವಾಗುವುದು ಕಷ್ಟ. ಅರ್ಧ ಪಾಲು ಅನ್ನುವ ದೊಡ್ಡ ತುಂಡೇ ಅದಕ್ಕೆ ಇಲ್ಲವಲ್ಲ. ಮೊಟ್ಟಮೊದಲ ಬೆಸ ಅಧಿಕ ಸಂಖ್ಯೆ ಸಿಗಬೇಕಾದರೆ 945ರವರೆಗೆ ಹೋಗಬೇಕು. ಅಲ್ಲಿಂದ ಮುಂದೆ ಬರುವವೂ ಬಹಳ ದೂರ 5ರಿಂದ ಭಾಗವಾಗುವವೇ. 5ರ ಸಹಾಯವೂ ಇಲ್ಲದ ಮೊದಲನೆಯದು 81081. ನನ್ನ ಸಂಖ್ಯೆಗೆ 2 ಇಲ್ಲ, 5 ಇಲ್ಲ. ಬಾಕಿಯೇ ಬರುತ್ತದೆ ಅಂತ ಅಂದುಕೊಂಡೇ ಕೂಡಲು ಕೂತೆ.

ಮೂರನೇ ಒಂದು ಪಾಲು 4115218107. ಏಳನೇ ಒಂದು ಪಾಲು 1763664903. ಒಂಬತ್ತನೆಯದು 1371739369. ಹನ್ನೊಂದನೆಯದು ಆ ಹಾರ, 1122332211. ಹದಿಮೂರನೆಯದು 949665717. ಈ ಐದೇ ಸೇರಿ 932 ಕೋಟಿ ದಾಟಿತು. ಮುಕ್ಕಾಲು ಪಾಲಿಗೂ ಸ್ವಲ್ಪ ಜಾಸ್ತಿ. ಆಗ ಎದೆ ಹೊಡೆದುಕೊಳ್ಳಲು ಶುರುವಾಯಿತು. ಪಟ್ಟಿ ಇನ್ನೂ ಉದ್ದ ಇತ್ತು.

ಕೊನೆಗೆ ಬಂದ ಮೊತ್ತ ನೋಡಿ ಅನುಮಾನ ಬಂತು. ಅಡ್ಡದಾರಿಯಲ್ಲೂ ಮಾಡಿ ನೋಡಿದೆ. 1, 3, 9 ಕೂಡಿದರೆ 13. 1, 7, 49 ಕೂಡಿದರೆ 57. ಹಾಗೇ 11ಕ್ಕೆ 133, 13ಕ್ಕೆ 183, 37ಕ್ಕೆ 1407. ಈ ಐದನ್ನೂ ಗುಣಿಸಿದರೆ ಎಲ್ಲ ಭಾಜಕಗಳ ಮೊತ್ತ ಸಿಗುತ್ತದೆ: 25375524993. ನನ್ನ ಡೈರಿಯ ಮೊತ್ತ ಇದಕ್ಕೆ 1369 ಕಡಿಮೆ ಇತ್ತು. 37ರ ವರ್ಗವನ್ನು ಬರೆಯಲು ಮರೆತಿದ್ದೆ, ಅಷ್ಟೇ. ಸೇರಿಸಿದೆ. ತಾಳೆಯಾಯಿತು. ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 13029870672. ಅಂದರೆ ಸಂಖ್ಯೆಗಿಂತ 68 ಕೋಟಿ 42 ಲಕ್ಷ 16 ಸಾವಿರದ 351 ಜಾಸ್ತಿ. 12345654321 ಒಂದು ಬೆಸ ಅಧಿಕ ಸಂಖ್ಯೆ!

ಅಕ್ಕಪಕ್ಕದವರನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಐದು ಒಂದುಗಳು 41 ಗುಣಿಸು 271. ಏಳು ಒಂದುಗಳು 239 ಗುಣಿಸು 4649. ಅವುಗಳ ವರ್ಗಕ್ಕೂ ಚೆಂದದ ಮುಖ ಇದೆ, ಆದರೆ ಭಾಜಕಗಳು ಒಂಬತ್ತೊಂಬತ್ತೇ. 1234567654321ರ ಪಾಲುಗಳನ್ನೆಲ್ಲ ಕೂಡಿದರೆ ಸಂಖ್ಯೆಯ ನೂರರಲ್ಲಿ ಅರ್ಧ ಪಾಲೂ ಆಗುವುದಿಲ್ಲ. ಒಂದು ಮೆಟ್ಟಿಲು ಹಿಂದೆ ಬರಿದು, ಒಂದು ಮೆಟ್ಟಿಲು ಮುಂದೆ ಬರಿದು. ನಡುವಿನ ಇದು ಮಾತ್ರ ತುಂಬಿ ತುಳುಕುತ್ತದೆ.

ಎಲ್ಲಿ ತುಂಬಿತು ಅಂತ ನೋಡಲು ಅವಿಭಾಜ್ಯಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದೆ. 37 ಬಿಟ್ಟು ಉಳಿದ ನಾಲ್ಕರವರೆಗೆ ಬಂದಾಗ ಸಂಖ್ಯೆ 3003ರ ವರ್ಗ, ಅಂದರೆ 9018009. ಅದರ ಪಾಲುಗಳ ಮೊತ್ತ 9017190. ಬಾಕಿ ಬರೀ 819. ತೊಂಬತ್ತು ಲಕ್ಷದಲ್ಲಿ 819! ಇಷ್ಟು ಹತ್ತಿರ ಬಂದದ್ದನ್ನು ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಸಸಂಖ್ಯೆ ಪರಿಪೂರ್ಣವಾಗಲು ಸಾಧ್ಯವೇ ಅನ್ನುವುದು ಗಣಿತದ ಅತಿ ಹಳೆಯ ಪ್ರಶ್ನೆಗಳಲ್ಲಿ ಒಂದು. 6, 28, 496, 8128, ಸಿಕ್ಕವೆಲ್ಲ ಸಮಸಂಖ್ಯೆಗಳೇ. ಬೆಸ ಒಂದೂ ಸಿಕ್ಕಿಲ್ಲ. ಇಲ್ಲ ಅಂತಲೂ ಯಾರೂ ಸಾಧಿಸಿಲ್ಲ. ಇದ್ದರೆ ಅದಕ್ಕೆ 1500ಕ್ಕೂ ಹೆಚ್ಚು ಅಂಕಿ ಇರಬೇಕು ಅಂತ 2012ರಲ್ಲಿ ಸಾಧಿಸಿದ್ದಾರೆ.

ಹುಡುಕುತ್ತಾ ಹೋದಾಗ ಈ 9018009ರ ಹತ್ತಿರ ಇನ್ನೊಬ್ಬರು ಬಂದು ನಿಂತಿದ್ದು ಗೊತ್ತಾಯಿತು. ಫ್ರಾನ್ಸಿನ ರೆನೆ ದೆಕಾರ್ತ್. ಗ್ರಾಫ್ ಹಾಳೆಯ ಮೇಲೆ ನಾವು ಅಡ್ಡಗೆರೆ, ಉದ್ದಗೆರೆ ಎಳೆದು ಬಿಂದು ಗುರುತಿಸುತ್ತೇವಲ್ಲ, ಆ ಪದ್ಧತಿಗೆ ಅವರದೇ ಹೆಸರು. 1638ರಲ್ಲಿ ಮರ್ಸೆನ್ ಅನ್ನುವ ಗೆಳೆಯರಿಗೆ ಬರೆದ ಪತ್ರದಲ್ಲಿ ಅವರು ಈ ಸಂಗತಿ ಹೇಳುತ್ತಾರೆ. 3, 7, 11, 13ರ ವರ್ಗಗಳನ್ನು ಗುಣಿಸಿ, ಅದನ್ನು 22021ರಿಂದ ಗುಣಿಸಿ. 22021 ಅವಿಭಾಜ್ಯ ಆಗಿದ್ದರೆ ಉತ್ತರ ಒಂದು ಬೆಸ ಪರಿಪೂರ್ಣ ಸಂಖ್ಯೆ.

ನಾನು ಪರೀಕ್ಷಿಸಿದೆ. 9018009ರ ಎಲ್ಲ ಭಾಜಕಗಳ ಮೊತ್ತ, ಅದನ್ನೂ ಸೇರಿಸಿ, 18035199. ಇದನ್ನು ಬಾಕಿ 819ರಿಂದ ಭಾಗಿಸಿದರೆ ಸರಿಯಾಗಿ 22021, ಶೇಷ ಸೊನ್ನೆ. 22021 ನಿಜಕ್ಕೂ ಅವಿಭಾಜ್ಯವಾಗಿದ್ದರೆ ಆ ಬಾಕಿ ಪೈಸೆ ಉಳಿಯದೆ ತೀರುತ್ತಿತ್ತು. ಆದರೆ ಅದು 19 ಗುಣಿಸು 19 ಗುಣಿಸು 61. ಆಸೆ ಅಲ್ಲಿಗೆ ಮುರಿಯುತ್ತದೆ.

ಎರಡೂ ಒಂದೇ ಬೇರಿನ ಮೇಲೆ ನಿಂತಿವೆ. 9018009 ಅನ್ನು 1369ರಿಂದ ಗುಣಿಸಿದರೆ ರಾಷ್ಟ್ರಕೂಟರ ಕಾಲದ ಹಾರ. 22021ರಿಂದ ಗುಣಿಸಿದರೆ ದೆಕಾರ್ತ್ ಪತ್ರದ ಸಂಖ್ಯೆ. ನಡುವೆ ಸುಮಾರು 800 ವರ್ಷ. ಒಬ್ಬರಿಗೆ ಬೇಕಿದ್ದದ್ದು ಮಕ್ಕಳಿಗೆ ಚೆಂದದ ಉತ್ತರ, ಇನ್ನೊಬ್ಬರಿಗೆ ಸರಿತೂಗುವ ಮೊತ್ತ. ಇಬ್ಬರ ಕೈಗೂ ಸಿಕ್ಕಿದ್ದು ಅದೇ 3, ಅದೇ 7, 11, 13.

ಇದನ್ನು ಮಂಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಸಂಜೆ ಎಲ್ಲರೂ ಹೋದ ಮೇಲೆ ಅಪ್ಪನ ಕ್ಯಾಲ್ಕುಲೇಟರ್ ಒರೆಸಿ ಮುಂದೆ ಇಟ್ಟುಕೊಂಡೆ. ಆರನೆಯ ಗುಂಡಿ ಈಗ ಸ್ವಲ್ಪ ಗಟ್ಟಿ, ಉಳಿದವು ಸರಿ ಇವೆ. 9018009 ಒತ್ತಿದೆ. ಗುಣಿಸು. 22021. ಉತ್ತರಕ್ಕೆ ಎಷ್ಟು ಅಂಕಿ ಅಂತ ಮೊದಲೇ ಎಣಿಸಿರಲಿಲ್ಲ. ಮೂಲೆಯಲ್ಲಿ 'ಇ' ಬರಬಹುದು ಅಂತ ಭಯ ಇತ್ತು. ಬರಲಿಲ್ಲ. ಪರದೆಯ ಈ ತುದಿಯಿಂದ ಆ ತುದಿಯವರೆಗೆ, ಹನ್ನೆರಡು ಮನೆಯೂ ತುಂಬಿ, ಒಂದೂ ಖಾಲಿ ಉಳಿಯದೆ ನಿಂತಿತ್ತು: 198585576189.